ಆಡಳಿತಗಾರ ಥಾಮಸ್ ಮನ್ರೋ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲ್ಭಾಗದಲ್ಲಿ ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ಪ್ರದೇಶಗಳಿವೆ. ಕಾಳಿ ನದಿಯ ಇಕ್ಕೆಲಗಳಲ್ಲಿ ತೇಗದ ದಟ್ಟವಾದ ಕಾಡು. ಕಾಡಿನ ಅಂಚಿನಲ್ಲಿ ಬತ್ತದ ಗದ್ದೆಗಳು. ಅಲ್ಲಲ್ಲಿ ಚಿಕ್ಕ ಚಿಕ್ಕ ಹಳ್ಳಿಗಳು. ಎರಡು ಶತಮಾನಗಳ ಹಿಂದೆ ಇಲ್ಲಿನ ರೈತನು ತನ್ನ ಜೀವಮಾನದಲ್ಲಿ ರಾಜನನ್ನಾಗಲಿ, ರಾಜ್ಯಪಾಲನನ್ನಾಗಲಿ ಕಾಣುವ ಸಂಭವವಿರಲಿಲ್ಲ. ಅವನ ಪಾಲಿಗೆ ಸರ್ಕಾರವೆಂದರೆ ಊರಿನ ಶಾನುಭೋಗ, ಪಟೇಲ ಮತ್ತು ತಾಲ್ಲೂಕಿನ ಅಮಲ್ದಾರ. ಇವರು ಪ್ರಾಮಾಣಿಕರಾಗಿದ್ದರೆ ರೈತನ ಕಣಜದಲ್ಲಿ ಮುಂದಿನ ಮಳೆಗಾಲದವರೆಗೆ ಅಕ್ಕಿ ಉಳಿಯುತ್ತಿತ್ತು. ಇವರು ವಂಚಕರಾಗಿದ್ದರೆ ಅವನು ನೇಗಿಲನ್ನು ಬಿಟ್ಟು ಊರನ್ನೇ ತೊರೆಯಬೇಕಾಗುತ್ತಿತ್ತು. ಸರ್ಕಾರದ ಒಳಿತು ಕೆಡಕುಗಳು ಕೊನೆಗೆ ಅದರ ನೌಕರರ ನಡತೆಯಲ್ಲಿಯೇ ಕಾಣಿಸಿಕೊಳ್ಳುತ್ತವೆ. ಈ ಸತ್ಯವನ್ನು ಚೆನ್ನಾಗಿ ಅರಿತು, ಒಳ್ಳೆಯ ನೌಕರರನ್ನು ಪಡೆಯುವುದು ಹೇಗೆ ಎಂಬುದನ್ನು ತನ್ನ ಜೀವಮಾನವೆಲ್ಲ ಚಿಂತಿಸಿದ ಆಡಳಿತಗಾರನೊಬ್ಬನು ಈ ಸೀಮೆಗೆ ಬಂದಿದ್ದನು. ಅವನೇ ಸರ್ ಥಾಮಸ್ ಮನ್ರೋ.

ಮನ್ರೋ 1761ರ ಮೇ 27ರಂದು ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದಲ್ಲಿ ಜನಿಸಿದನು. ತಂದೆ ಅಲೆಗ್ಸಾಂಡರ್ ಮನ್ರೋ ಅಮೆರಿಕದೊಡನೆ ಹೊಗೆಸೊಪ್ಪಿನ ವ್ಯಾಪಾರ ನಡೆಸುತ್ತಿದ್ದ ವರ್ತಕ. ಬಾಲ್ಯದಲ್ಲಿ ಬಂದ ದಡಾರದಿಂದ ಮನ್ರೋಗೆ ಕಿವಿ ಸ್ವಲ್ಪ ಮಂದವಾಯಿತು. ಅವನು ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ಕೆಲಕಾಲ ವ್ಯಾಸಂಗ ಮಾಡಿದನು. ಅಷ್ಟರಲ್ಲಿ ಅಮೆರಿಕದ ಸ್ವಾತಂತ್ರ್ಯ ಸಮರ ಆರಂಭವಾಗಿ ತಂದೆಯ ವ್ಯಾಪಾರ ಮುಳುಗಿಹೋಯಿತು. ಸಂಸಾರದ ಭಾರವನ್ನು ಹಗುರ ಮಾಡಲು ಮನ್ರೋ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಸೇರಿ, 1780ರ ಜನವರಿಯಲ್ಲಿ ಮದರಾಸಿಗೆ ಬಂದಿಳಿದನು. ಆಗ ಅವನಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಹೈದರ್ ಅಲಿಯ ವಿರುದ್ಧ ನಡೆದ ಯುದ್ಧದಲ್ಲಿಯೂ, ಮುಂದೆ ಟಿಪ್ಪು ಸುಲ್ತಾನನ ವಿರುದ್ಧ ನಡೆದ ಮೂರನೆಯ ಮೈಸೂರು ಯುದ್ಧದಲ್ಲಿಯೂ ಅವನು ಭಾಗವಹಿಸಿದನು. ಬಿಡುವಿನ ವೇಳೆಯಲ್ಲಿ ಪಾರಸಿ ಮತ್ತು ಹಿಂದೂಸ್ತಾನಿ ಭಾಷೆಗಳನ್ನು ಕಲಿತನು. ಈ ಭಾಷಾಜ್ಞಾನವೇ ಅವನ ಬಾಳಿನ ದಿಕ್ಕನ್ನು ಬದಲಾಯಿಸಿತು.

1792ರಲ್ಲಿ ಟಿಪ್ಪುವಿನಿಂದ ಬಾರಾಮಹಲ್ ಪ್ರಾಂತವು ಕಂಪನಿಯ ವಶವಾಯಿತು. ಇಂದಿನ ಸೇಲಂ, ಧರ್ಮಪುರಿ, ಕೃಷ್ಣಗಿರಿ ಭಾಗಗಳೇ ಆ ಪ್ರಾಂತ. ಅದರ ಆಡಳಿತಕ್ಕೆ ತಕ್ಕ ಅಧಿಕಾರಿಗಳನ್ನು ಗವರ್ನರ್ ಜನರಲ್ ಕಾರ್ನವಾಲಿಸನು ಹುಡುಕಿದಾಗ, ಮದರಾಸಿನ ನಾಗರಿಕ ಅಧಿಕಾರಿಗಳಲ್ಲಿ ನಾಡಿನ ಭಾಷೆ ಬಲ್ಲವರು ಅಪರೂಪವಾಗಿದ್ದರು. ಆದಕಾರಣ ಅವನು ಸೈನ್ಯದ ಕ್ಯಾಪ್ಟನ್ ಅಲೆಗ್ಸಾಂಡರ್ ರೀಡ್ ಎಂಬವನನ್ನು ಆರಿಸಿ, ಅವನ ಸಹಾಯಕರಲ್ಲಿ ಒಬ್ಬನನ್ನಾಗಿ ಮನ್ರೋವನ್ನು ನೇಮಿಸಿದನು. ಏಳು ವರ್ಷಗಳ ಕಾಲ ಮನ್ರೋ ಅಲ್ಲಿ ಹಳ್ಳಿಯಿಂದ ಹಳ್ಳಿಗೆ ತಿರುಗಿದನು. ರೈತರೊಡನೆ ನೇರವಾಗಿ ಮಾತನಾಡಿದನು. ಲೆಕ್ಕಪತ್ರಗಳನ್ನು ತಾನೇ ಪರಿಶೀಲಿಸಿದನು. ಹುದ್ದೆಗೆ ಬೇಕಾದುದು ಅಧಿಕಾರಿಯ ಕುಲವಲ್ಲ, ದರ್ಜೆಯಲ್ಲ. ಆ ಕೆಲಸಕ್ಕೆ ಬೇಕಾದ ಅರಿವು ಎಂಬ ಪಾಠವನ್ನು ಅವನು ತನ್ನ ನೇಮಕದಿಂದಲೇ ಕಲಿತನೆನ್ನಬಹುದು.

1799ರ ಮೇ 4ರಂದು ಶ್ರೀರಂಗಪಟ್ಟಣವು ಪತನಗೊಂಡಿತು. ಟಿಪ್ಪುವಿನ ರಾಜ್ಯದ ಭಾಗವಾಗಿದ್ದ ಕೆನರಾ ಪ್ರಾಂತವು ಕಂಪನಿಯ ಕೈಸೇರಿತು. ಇಂದಿನ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳೂ ಕಾಸರಗೋಡು ಸೀಮೆಯೂ ಇದರೊಳಗಿದ್ದವು. ಸೋಂದೆ ಅರಸರು ಹಿಂದೆ ಆಳಿದ್ದ ಘಟ್ಟದ ಮೇಲಿನ ಕಾಡುಸೀಮೆಯೂ ಅಲ್ಪಕಾಲದಲ್ಲಿಯೇ ಈ ಆಡಳಿತಕ್ಕೆ ಸೇರಿತು. ಅಂದು ಜೋಯಿಡಾ ಸೀಮೆಗೆ ಸೂಪಾ ಎಂದು ಹೆಸರು. ಆ ಹಳೆಯ ಸೂಪಾ ಊರು ಈಗ ಕಾಳಿನದಿಯ ಅಣೆಕಟ್ಟೆಯ ನೀರಿನಲ್ಲಿ ಮುಳುಗಿದೆ. ಹಳಿಯಾಳವು ಮರಾಠರ ರಾಜ್ಯಕ್ಕೆ ಎದುರಾಗಿ ನಿಂತ ಗಡಿಯ ಠಾಣೆಯಾಗಿತ್ತು. ಇಂತಹ ಪ್ರಾಂತಕ್ಕೆ ಮನ್ರೋ ಕಲೆಕ್ಟರನಾಗಿ ಬಂದನು.

ಈ ಕೆಲಸ ಅವನಿಗೆ ಪ್ರಿಯವಾದುದಾಗಿರಲಿಲ್ಲ. ಬಾರಾಮಹಲಿನ ತನ್ನ ತೋಟವನ್ನೂ ಪರಿಚಿತ ಜನರನ್ನೂ ಬಿಟ್ಟುಬರಲು ಅವನಿಗೆ ಮನಸ್ಸಿರಲಿಲ್ಲ. ಕೆನರಾದಲ್ಲಿ ಎಡೆಬಿಡದೆ ಸುರಿಯುವ ಮಳೆ, ಹೆಜ್ಜೆಹೆಜ್ಜೆಗೂ ಅಡ್ಡವಾಗುವ ಹೊಳೆಗಳು, ಕುದುರೆ ಸವಾರಿಗೂ ಎಡೆಯಿಲ್ಲದ ಕಾಲುದಾರಿಗಳು. ಯುದ್ಧಗಳಿಂದಲೂ ಸುಲಿಗೆಯಿಂದಲೂ ನೊಂದಿದ್ದ ರೈತರು ಹೊಸ ಅಧಿಕಾರಿಯನ್ನು ನಂಬಲಿಲ್ಲ. ತಮ್ಮ ಬೇಡಿಕೆಗಳನ್ನು ಒಪ್ಪುವವರೆಗೆ ಅವನ ಕಚೇರಿಗೆ ಬರಲೂ ಅನೇಕರು ನಿರಾಕರಿಸಿದರು. ಮನ್ರೋ ತಾಳ್ಮೆಯಿಂದ ಕಾದನು. ಬೆಳಗಿನಿಂದ ರಾತ್ರಿಯವರೆಗೆ ಬಂದವರ ಅಹವಾಲುಗಳನ್ನು ಕೇಳಿದನು. ಶಾನುಭೋಗರ ಮನೆಗಳಲ್ಲಿದ್ದ ಹಳೆಯ ಲೆಕ್ಕದ ಕಡತಗಳನ್ನು ತರಿಸಿ ಓದಿಸಿದನು. ವಿಜಯನಗರದ ಅರಸರ ಕಾಲದಿಂದ ಇಕ್ಕೇರಿಯ ನಾಯಕರ ಶಿಸ್ತಿನವರೆಗೆ, ಅಲ್ಲಿಂದ ಹೈದರ್ ಮತ್ತು ಟಿಪ್ಪುವಿನ ಕಾಲದವರೆಗೆ ಕಂದಾಯವು ಹೇಗೆ ಏರುತ್ತ ಬಂದಿತೆಂಬುದನ್ನು ಗುರುತಿಸಿದನು. ಈ ನಾಡಿನಲ್ಲಿ ಭೂಮಿಯು ರೈತರ ಸ್ವಂತ ಆಸ್ತಿಯಾಗಿ ಬಹುಕಾಲದಿಂದ ನಡೆದುಬಂದಿದೆ ಎಂಬುದನ್ನು ಕಂಡುಕೊಂಡು, 1800ರ ಮೇ 31ರಂದು ಕಂದಾಯ ಮಂಡಳಿಗೆ ವಿವರವಾದ ವರದಿಯನ್ನು ಕಳುಹಿಸಿದನು. ಅಪರಿಚಿತ ನಾಡಿಗೆ ಬಂದ ಅಧಿಕಾರಿಯು ಮೊದಲು ಆಜ್ಞೆ ಮಾಡುವುದಲ್ಲ, ಅಧ್ಯಯನ ಮಾಡಬೇಕು ಎಂಬುದಕ್ಕೆ ಈ ವರದಿ ಸಾಕ್ಷಿಯಾಗಿದೆ.

ಒಂದು ವರ್ಷಕ್ಕೂ ಸ್ವಲ್ಪ ಹೆಚ್ಚು ಕಾಲ ಮಾತ್ರ ಅವನು ಕೆನರಾದಲ್ಲಿದ್ದನು. 1800ರಲ್ಲಿ ಅವನ ಕೋರಿಕೆಯಂತೆಯೇ ವರ್ಗಾವಣೆಯಾಯಿತು. ಕೆನರಾವನ್ನು ಉತ್ತರ, ದಕ್ಷಿಣ ಎಂದು ಎರಡು ಭಾಗ ಮಾಡಿ ಇಬ್ಬರಿಗೆ ವಹಿಸಲಾಯಿತು. ಮನ್ರೋ ಬಳ್ಳಾರಿ, ಅನಂತಪುರ, ಕಡಪ ಮತ್ತು ಕರ್ನೂಲಿನ ಕೆಲವು ಭಾಗಗಳನ್ನೊಳಗೊಂಡ ವಿಶಾಲ ಪ್ರದೇಶಕ್ಕೆ ಮುಖ್ಯ ಕಲೆಕ್ಟರನಾದನು. ಹೈದರಾಬಾದಿನ ನಿಜಾಮನು ಬಿಟ್ಟುಕೊಟ್ಟ ಈ ಪ್ರದೇಶಕ್ಕೆ ದತ್ತಮಂಡಲವೆಂದು ಹೆಸರಾಯಿತು. ಅಲ್ಲಿ ಸುಮಾರು ಎಂಬತ್ತು ಮಂದಿ ಪಾಳೆಯಗಾರರು ತಮ್ಮ ತಮ್ಮ ಕೋಟೆಗಳಲ್ಲಿ ಸ್ವತಂತ್ರರಂತೆ ಮೆರೆಯುತ್ತಿದ್ದರು. ಅವರನ್ನು ಹತೋಟಿಗೆ ತಂದ ಬಳಿಕ ಪ್ರತಿಯೊಂದು ಹೊಲವನ್ನೂ ಅಳೆದು ಕಂದಾಯ ನಿಗದಿ ಮಾಡುವ ಮಹಾಕಾರ್ಯವನ್ನು ಮನ್ರೋ 1802ರಲ್ಲಿ ಕೈಗೆತ್ತಿಕೊಂಡನು.

ಈ ಕಾರ್ಯಕ್ಕೆ ನೌಕರರನ್ನು ಅವನು ಸಿದ್ಧಗೊಳಿಸಿದ ಬಗೆ ಗಮನಾರ್ಹವಾದುದು. ಆರಂಭದಲ್ಲಿ ಭೂಮಿಯನ್ನು ಅಳೆಯಬಲ್ಲ ಗುಮಾಸ್ತರು ನಾಲ್ವರು ಮಾತ್ರ ಇದ್ದರು. ಹೊರಗಿನಿಂದ ಜನರನ್ನು ಕರೆತರುವ ಬದಲು, ಮನ್ರೋ ಸ್ಥಳೀಯರಿಗೇ ಈ ಕೆಲಸವನ್ನು ಕಲಿಸಿದನು. ಅವರು ಕೆಲಸದಲ್ಲಿ ನುರಿತ ಮೇಲೆ ಅವರಿಂದಲೇ ಹೊಸ ತಂಡಗಳನ್ನು ಕಟ್ಟಿ, ಆ ತಂಡಗಳಿಗೆ ಹೊಸ ಅಭ್ಯರ್ಥಿಗಳನ್ನು ಸೇರಿಸಿದನು. ಹೀಗೆ ದೀಪದಿಂದ ದೀಪ ಹೊತ್ತಿಸಿದಂತೆ ಅಳತೆಗಾರರ ಸಂಖ್ಯೆ ನೂರಕ್ಕೆ ಏರಿತು.

ಅಳತೆಗೆ ಮೂವತ್ತಮೂರು ಅಡಿ ಉದ್ದದ ಸರಪಳಿಯನ್ನು ಬಳಸಲಾಯಿತು. ಪ್ರತಿ ಪಕ್ಕಕ್ಕೂ ಒಂದು ಸರಪಳಿಯಿರುವ ಚೌಕಕ್ಕೆ ಒಂದು ಗುಂಟೆ. ಅಂತಹ ನಲವತ್ತು ಚೌಕಗಳು ಸೇರಿದರೆ ಒಂದು ಎಕರೆ. ಇಂದಿಗೂ ನಮ್ಮ ರೈತರ ಬಾಯಲ್ಲಿರುವ ಲೆಕ್ಕ ಇದೇ ಆಗಿದೆ. ಅಳತೆಗಾರರ ಕೆಲಸವನ್ನು ಪುನಃ ಅಳೆದು ನೋಡಲು ಬೇರೆ ಪರೀಕ್ಷಕರಿದ್ದರು. ಸಣ್ಣಪುಟ್ಟ ವ್ಯತ್ಯಾಸವನ್ನು ಕ್ಷಮಿಸಲಾಗುತ್ತಿತ್ತು. ಬೇಕೆಂದೇ ತಪ್ಪು ಅಳತೆ ಬರೆದವನನ್ನು ಕೆಲಸದಿಂದ ತೆಗೆದುಹಾಕಲಾಗುತ್ತಿತ್ತು. ಮನುಷ್ಯಸಹಜವಾದ ತಪ್ಪಿಗೂ ಉದ್ದೇಶಪೂರ್ವಕವಾದ ವಂಚನೆಗೂ ಇರುವ ಭೇದವನ್ನು ಅರಿತು ನಡೆದುದರಿಂದ ನೌಕರರಲ್ಲಿ ಭಯಕ್ಕಿಂತ ಜವಾಬ್ದಾರಿ ಬೆಳೆಯಿತು. 1807ರ ವೇಳೆಗೆ ಈ ಬೃಹತ್ ಕಾರ್ಯ ಮುಗಿಯಿತು.

ಈ ವರ್ಷಗಳಲ್ಲಿ ಮನ್ರೋ ಬಂಗಲೆಯಲ್ಲಿ ಕುಳಿತು ಆಳಲಿಲ್ಲ. ವರ್ಷಗಟ್ಟಲೆ ಡೇರೆಯೇ ಅವನ ಮನೆಯಾಗಿತ್ತು. ಕಾವಲಿನ ಸಿಪಾಯಿಗಳ ಗುಂಪನ್ನು ಕಟ್ಟಿಕೊಂಡು ಹೋದರೆ ಹಳ್ಳಿಗರು ಅಂಜಿ ದೂರ ಸರಿಯುತ್ತಾರೆಂದು ಅವನು ಸರಳವಾಗಿ ಸಂಚರಿಸುತ್ತಿದ್ದನು. ಅಧಿಕಾರಿಯ ಡೇರೆ ಊರ ಮುಂದಿನ ಮರದಡಿಯಲ್ಲಿದ್ದಾಗ, ಕೈಕೆಳಗಿನವರ ಮೇಲಿನ ದೂರು ನೇರವಾಗಿ ಅವನ ಕಿವಿಗೆ ಬೀಳುತ್ತದೆ. ಮಂದವಾದ ಕಿವಿಯವನಾದರೂ ರೈತರ ಮಾತಿಗೆ ಅವನು ಎಂದೂ ಕಿವುಡನಾಗಲಿಲ್ಲ.

ಆದರೆ ಮನ್ರೋ ಒಂದು ವಿದೇಶೀ ಕಂಪನಿಯ ಸೇವಕನಾಗಿದ್ದನೆಂಬುದನ್ನು ಮರೆಯಲಾಗದು. ಅವನು ನಿಗದಿ ಮಾಡಿದ ಕಂದಾಯ ರೈತರಿಗೆ ಭಾರವಾಗಿಯೇ ಇತ್ತು. ಇದನ್ನು ಅವನೇ ಮನಗಂಡು, ಎಲ್ಲ ಜಮೀನುಗಳ ಮೇಲೂ ಶೇಕಡ 25ರಷ್ಟು ಇಳಿಸಬೇಕೆಂದು 1807ರಲ್ಲಿ ಶಿಫಾರಸು ಮಾಡಿದನು. ಮೇಲಿನವರು ಅದನ್ನು ಒಪ್ಪಲಿಲ್ಲ. ಅವನೇ ಗವರ್ನರನಾದ ಮೇಲೆ, ಹದಿಮೂರು ವರ್ಷಗಳ ಅನಂತರ, ಆ ರಿಯಾಯಿತಿ ಜಾರಿಗೆ ಬಂದಿತು.

1807ರಲ್ಲಿ ಮನ್ರೋ ಸ್ವದೇಶಕ್ಕೆ ತೆರಳಿದನು. 1814ರಲ್ಲಿ ನ್ಯಾಯಾಡಳಿತವನ್ನು ಸುಧಾರಿಸುವ ಆಯೋಗದ ಮುಖ್ಯಸ್ಥನಾಗಿ ಮತ್ತೆ ಮದರಾಸಿಗೆ ಬಂದನು. ಈ ಅವಧಿಯಲ್ಲಿಯೇ ಕೊಯಮತ್ತೂರು ಜಿಲ್ಲೆಯ ಒಂದು ಹಗರಣದ ವಿಚಾರಣೆ ಅವನ ಪಾಲಿಗೆ ಬಂದಿತು. ಅಲ್ಲಿನ ಕಲೆಕ್ಟರನ ಖಜಾನೆಯ ಅಧಿಕಾರಿ ಕಾಸಿ ಚೆಟ್ಟಿ ಎಂಬವನು ಮೇಲಧಿಕಾರಿಯ ಪೂರ್ಣ ವಿಶ್ವಾಸವನ್ನು ಗಳಿಸಿ, ಇಡೀ ಜಿಲ್ಲೆಯನ್ನು ತನ್ನ ಮುಷ್ಟಿಯಲ್ಲಿ ಇಟ್ಟುಕೊಂಡಿದ್ದನು. ಸರ್ಕಾರದ ಹುದ್ದೆಗಳಲ್ಲಿ ತನ್ನ ಕಡೆಯವರನ್ನು ತುಂಬಿದ್ದನು. ಹಣಕ್ಕೆ ಕಾವಲಿರಬೇಕಾದವನೇ ಅದನ್ನು ಅಪಹರಿಸಿದ್ದನು. ಕಾಗದದ ಮೇಲೆ ಮಾತ್ರ ಎಲ್ಲವೂ ಸರಿಯಾಗಿತ್ತು.

1816ರಲ್ಲಿ ವಿಚಾರಣೆ ನಡೆಸಿದ ಮನ್ರೋ, ತಪ್ಪಿತಸ್ಥನನ್ನು ಗುರುತಿಸುವುದರಲ್ಲಿಯೇ ತೃಪ್ತನಾಗಲಿಲ್ಲ. ಇಂತಹ ವಂಚನೆಗೆ ಮೂಲವೇನೆಂದು ಯೋಚಿಸಿದನು. ಮೇಲಧಿಕಾರಿಯು ತನ್ನ ಕೆಲಸವನ್ನು ಮತ್ತೊಬ್ಬನಿಗೆ ಒಪ್ಪಿಸಿ ಕಣ್ಣು ಮುಚ್ಚಿದ್ದು ಒಂದು ಕಾರಣವಾಗಿ ಕಂಡಿತು. ಅಪಾರವಾದ ಹಣವೂ ಅಧಿಕಾರವೂ ಕೈಯಲ್ಲಿರುವ ಭಾರತೀಯ ನೌಕರನಿಗೆ ಹೊಟ್ಟೆ ತುಂಬದಷ್ಟು ಸಂಬಳ ಕೊಡುವುದು ಇನ್ನೊಂದು ಕಾರಣವಾಗಿ ಕಂಡಿತು. ನಂಬಿಕೆ ಎಷ್ಟು ಅಗತ್ಯವೋ ಎಚ್ಚರವೂ ಅಷ್ಟೇ ಅಗತ್ಯ. ಶಿಕ್ಷೆ ಎಷ್ಟು ಅಗತ್ಯವೋ ತಕ್ಕ ವೇತನವೂ ಅಷ್ಟೇ ಅಗತ್ಯ ಎಂಬುದು ಅವನ ನಿರ್ಣಯವಾಯಿತು.

1817ರಲ್ಲಿ ಮನ್ರೋ ಹಳಿಯಾಳಕ್ಕೆ ಸಮೀಪವಾದ ಧಾರವಾಡಕ್ಕೆ ಬಂದನು. ಪೇಶ್ವೆ ಎರಡನೆಯ ಬಾಜೀರಾಯನಿಂದ ಕಂಪನಿಗೆ ಬಂದ ಧಾರವಾಡ ಮತ್ತು ಕುಸುಗಲ್ಲು ಪ್ರದೇಶಗಳನ್ನು ವಹಿಸಿಕೊಳ್ಳುವುದು ಅವನ ಕೆಲಸವಾಗಿತ್ತು. ಅಷ್ಟರಲ್ಲಿ ಮರಾಠರೊಡನೆ ಯುದ್ಧ ಆರಂಭವಾಯಿತು. ಮನ್ರೋವಿನ ಬಳಿ ದೊಡ್ಡ ಸೈನ್ಯವಿರಲಿಲ್ಲ. ಅವನು ಯೋಗ್ಯರಾದ ಸ್ಥಳೀಯರನ್ನು ಅಮಲ್ದಾರರನ್ನಾಗಿ ನೇಮಿಸಿ, ನಾಡಿನ ಬಂಟರನ್ನು ಅವರ ಜೊತೆಗೆ ಕೊಟ್ಟು, ಊರೂರಿಗೆ ಕಳುಹಿಸಿದನು. ಬಾಜೀರಾಯನ ಆಡಳಿತದಲ್ಲಿ ಕಂದಾಯದ ಅಧಿಕಾರವು ಹೆಚ್ಚು ಹಣ ಕೊಡುವವನಿಗೆ ಹರಾಜಾಗುತ್ತಿತ್ತು. ಹುದ್ದೆಯನ್ನು ಕೊಂಡವನು ಕೊಟ್ಟ ಹಣವನ್ನು ರೈತನಿಂದಲೇ ಎಳೆಯುತ್ತಿದ್ದನು. ಇದರಿಂದ ಬೇಸತ್ತಿದ್ದ ಜನರು ಹೊಸ ಅಮಲ್ದಾರರಿಗೆ ಬೆಂಬಲವಾಗಿ ನಿಂತರು. ನವಲಗುಂದ, ಗದಗ, ಹುಬ್ಬಳ್ಳಿ, ಬಾದಾಮಿ, ಬೆಳಗಾವಿಗಳು ಒಂದೊಂದಾಗಿ ಅವನ ವಶವಾದವು. ಸೈನ್ಯದ ಬಲ ಸಾಲದಿದ್ದೆಡೆಯಲ್ಲಿ ಜನರ ವಿಶ್ವಾಸವೂ ಸ್ಥಳೀಯ ನೌಕರರ ನಿಷ್ಠೆಯೂ ಕೆಲಸ ಮಾಡಿದವು.

1820ರಲ್ಲಿ ಮನ್ರೋ ಮದರಾಸು ಪ್ರಾಂತದ ಗವರ್ನರನಾದನು. ಉತ್ತರ ಕೆನರಾ 1862ರವರೆಗೆ ಮದರಾಸಿಗೇ ಸೇರಿದ್ದಿತು. ಆದುದರಿಂದ ಹಳಿಯಾಳ, ಸೂಪಾ, ಮುಂಡಗೋಡಗಳೂ ಏಳು ವರ್ಷಗಳ ಕಾಲ ಅವನ ಆಡಳಿತದಲ್ಲಿದ್ದವು. ಯುವಕನಾಗಿದ್ದಾಗ ಮಳೆಯಲ್ಲಿ ನೆನೆದು ಅಲೆದ ನಾಡಿನ ಅಮಲ್ದಾರನೂ ಶಾನುಭೋಗನೂ ಈಗ ಅವನ ಆಜ್ಞೆಗೆ ಒಳಪಟ್ಟವರಾದರು.

ಗವರ್ನರನಾಗಿ ಅವನು 1824ರ ಡಿಸೆಂಬರ್ 31ರಂದು ಬರೆದ ಟಿಪ್ಪಣಿಯು ಆಡಳಿತದ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಆ ಕಾಲದ ಅನೇಕ ಇಂಗ್ಲಿಷರು ಭಾರತೀಯರನ್ನು ಅಪ್ರಾಮಾಣಿಕರೆಂದು ಜರೆಯುತ್ತಿದ್ದರು. ಆ ನೆಪದಿಂದಲೇ ಉನ್ನತ ಹುದ್ದೆಗಳಿಂದ ಅವರನ್ನು ದೂರವಿಟ್ಟಿದ್ದರು. ಮನ್ರೋ ಈ ವಾದವನ್ನು ತಲೆಕೆಳಗು ಮಾಡಿದನು. ಉನ್ನತ ಹುದ್ದೆಯ ಆಸೆಯಿಲ್ಲದ, ತಕ್ಕ ಸಂಬಳವಿಲ್ಲದ, ಗೌರವವಿಲ್ಲದ ಜನರಲ್ಲಿ ಉನ್ನತ ಗುಣಗಳನ್ನು ನಿರೀಕ್ಷಿಸುವುದು ನ್ಯಾಯವಲ್ಲವೆಂದು ಅವನು ವಾದಿಸಿದನು. ದೇಶದ ಜನರನ್ನು ಅವರ ದೇಶದ ಆಡಳಿತದಿಂದಲೇ ಹೊರಗಿಟ್ಟರೆ ಅವರ ಶೀಲವು ಕುಗ್ಗುತ್ತದೆಯೇ ಹೊರತು ಏರುವುದಿಲ್ಲವೆಂದು ಎಚ್ಚರಿಸಿದನು.

ಇದಕ್ಕೆ ಕಂಪನಿಯ ಚರಿತ್ರೆಯಲ್ಲಿಯೇ ನಿದರ್ಶನವಿದ್ದಿತು. ಒಂದು ಕಾಲದಲ್ಲಿ ಕಂಪನಿಯ ಇಂಗ್ಲಿಷ್ ನೌಕರರೇ ಅಲ್ಪ ಸಂಬಳಕ್ಕೆ ದುಡಿದು, ಖಾಸಗಿ ವ್ಯಾಪಾರದಿಂದಲೂ ಕಾಣಿಕೆಗಳಿಂದಲೂ ಹಣ ಮಾಡುತ್ತಿದ್ದರು. ಕಾರ್ನವಾಲಿಸನು ಬಂಗಾಳದ ಕಲೆಕ್ಟರನ ಸಂಬಳವನ್ನು ತಿಂಗಳಿಗೆ 1500 ರೂಪಾಯಿಗೆ ಏರಿಸಿ, ಖಾಸಗಿ ವ್ಯಾಪಾರವನ್ನು ನಿಷೇಧಿಸಿದ ಮೇಲೆ ಆ ಚಾಳಿ ಕಡಿಮೆಯಾಯಿತು. ಇಂಗ್ಲಿಷರನ್ನು ತಿದ್ದಿದ ಉಪಾಯವು ಭಾರತೀಯರನ್ನು ತಿದ್ದಲಾರದೆಂದು ಹೇಳಲು ಯಾವ ಆಧಾರವೂ ಇರಲಿಲ್ಲ. ಗುಣವು ಹುಟ್ಟಿದ ದೇಶವನ್ನು ಅವಲಂಬಿಸಿಲ್ಲ. ನೌಕರನನ್ನು ಇಟ್ಟಿರುವ ಸ್ಥಿತಿಯನ್ನು ಅವಲಂಬಿಸಿದೆ. ಮನ್ರೋವಿನ ವಾದದ ತಿರುಳು ಇದೇ.

ಇಂಗ್ಲಿಷ್ ಅಧಿಕಾರಿಗಳ ತರಬೇತಿಯಲ್ಲಿಯೂ ಅವನು ಕಟ್ಟುನಿಟ್ಟಾಗಿದ್ದನು. ಹೊಸದಾಗಿ ಬಂದ ಯುವಕನು ದೇಶಭಾಷೆಗಳನ್ನು ಕಲಿಯಬೇಕು. ನ್ಯಾಯಾಸನದಲ್ಲಿ ಕೂಡುವ ಮೊದಲು ಕಂದಾಯ ಇಲಾಖೆಯಲ್ಲಿ ದುಡಿಯಬೇಕು ಎಂಬುದು ಅವನ ಅಭಿಪ್ರಾಯವಾಗಿತ್ತು. ಹಳ್ಳಿಯ ಬದುಕನ್ನು ಅರಿಯದವನು ಹಳ್ಳಿಯವನಿಗೆ ನ್ಯಾಯ ನೀಡಲಾರನೆಂಬುದೇ ಇದಕ್ಕೆ ಕಾರಣ.

ಒಳ್ಳೆಯ ನೌಕರರು ಬೇಕಾದರೆ ಒಳ್ಳೆಯ ಶಾಲೆಗಳು ಬೇಕೆಂಬುದನ್ನೂ ಮನ್ರೋ ಕಂಡಿದ್ದನು. 1822ರಲ್ಲಿ ಪ್ರಾಂತದ ಎಲ್ಲ ಜಿಲ್ಲೆಗಳ ಶಾಲೆಗಳ ವಿವರವನ್ನು ಕಲೆಕ್ಟರರಿಂದ ತರಿಸಿದನು. 1826ರಲ್ಲಿ ಒಂದು ಯೋಜನೆಯನ್ನು ಮುಂದಿಟ್ಟನು. ಜಿಲ್ಲಾ ಕೇಂದ್ರಗಳಲ್ಲಿ ನಲವತ್ತು ಶಾಲೆಗಳು. ತಾಲ್ಲೂಕುಗಳಲ್ಲಿ ಮುನ್ನೂರು ಶಾಲೆಗಳು. ಜಿಲ್ಲಾ ಶಾಲೆಯ ಉಪಾಧ್ಯಾಯನಿಗೆ ತಿಂಗಳಿಗೆ 15 ರೂಪಾಯಿ, ತಾಲ್ಲೂಕು ಶಾಲೆಯವನಿಗೆ 9 ರೂಪಾಯಿ ಸಂಬಳ. ಪುಸ್ತಕಗಳ ವೆಚ್ಚವೂ ಸೇರಿ ವರ್ಷಕ್ಕೆ 48,000 ರೂಪಾಯಿ ಸಾಕಾಗುವುದೆಂದು ಲೆಕ್ಕ ಹಾಕಿದನು. ಮದರಾಸಿನಿಂದ ಬಹುದೂರದ ಕಾಡುತಾಲ್ಲೂಕಿನ ಹುಡುಗನಿಗೂ ಓದಿ ಸರ್ಕಾರಿ ಕೆಲಸಕ್ಕೆ ಬರುವ ದಾರಿ ಇದರಿಂದ ತೆರೆಯಬಹುದಾಗಿತ್ತು. ಆದರೆ ಅವನ ಮರಣದ ಬಳಿಕ ಈ ಯೋಜನೆಗೆ ಮೊದಲಿನ ಪೋಷಣೆ ದೊರೆಯಲಿಲ್ಲ. ಹತ್ತು ವರ್ಷಗಳೊಳಗಾಗಿ ಅದನ್ನು ಕೈಬಿಡಲಾಯಿತು.

1827ರಲ್ಲಿ ಮನ್ರೋ ನಿವೃತ್ತನಾಗಿ ಸ್ವದೇಶಕ್ಕೆ ಮರಳಲು ಸಿದ್ಧನಾಗಿದ್ದನು. ಹೊರಡುವ ಮುನ್ನ, ತಾನು ಡೇರೆಗಳಲ್ಲಿ ಬಾಳಿದ ದತ್ತಮಂಡಲದ ಜನರನ್ನು ಕೊನೆಯ ಬಾರಿ ನೋಡಿಬರಲು ಪ್ರವಾಸ ಹೊರಟನು. ದಾರಿಯಲ್ಲಿ ಕಾಲರಾ ರೋಗಕ್ಕೆ ತುತ್ತಾಗಿ, ಜುಲೈ 6ರಂದು ಪತ್ತಿಕೊಂಡ ಎಂಬ ಊರಿನಲ್ಲಿ ತೀರಿಕೊಂಡನು. ಗುತ್ತಿಯಲ್ಲಿ ಅವನ ಸಮಾಧಿಯಾಯಿತು. ಮುಂದೆ ಅವನ ಅವಶೇಷಗಳನ್ನು ಮದರಾಸಿನ ಕೋಟೆಯೊಳಗಿನ ಇಗರ್ಜಿಗೆ ಸಾಗಿಸಲಾಯಿತು. ಅಲ್ಲಿನ ಜನರು ಬಹುಕಾಲದವರೆಗೆ ಅವನ ಹೆಸರನ್ನು ತಮ್ಮ ಮಕ್ಕಳಿಗೆ ಇಡುತ್ತಿದ್ದರು. ಮದರಾಸು ನಗರದಲ್ಲಿ ನಿಂತಿರುವ, ಕುದುರೆಯನ್ನೇರಿದ ಅವನ ಶಿಲ್ಪಕ್ಕಿಂತಲೂ ಇದು ಹೆಚ್ಚಿನ ಸ್ಮಾರಕವೆನ್ನಬಹುದು.

ಮನ್ರೋ ಬಯಸಿದುದೆಲ್ಲ ಅವನ ಕಾಲದಲ್ಲಿ ಕೈಗೂಡಲಿಲ್ಲ. ಅವನು ಗವರ್ನರನಾಗಿದ್ದಾಗಲೂ ಉನ್ನತ ಹುದ್ದೆಗಳು ಇಂಗ್ಲಿಷರ ಕೈಯಲ್ಲಿಯೇ ಉಳಿದವು. 1833ರ ಶಾಸನವು ಧರ್ಮ, ಹುಟ್ಟಿದ ಸ್ಥಳ, ಮೈಬಣ್ಣಗಳ ಕಾರಣದಿಂದ ಯಾರಿಗೂ ಕಂಪನಿಯ ಹುದ್ದೆಯನ್ನು ನಿರಾಕರಿಸಬಾರದೆಂದು ಸಾರಿತು. ಆದರೂ ಬಾಗಿಲು ಕೂಡಲೆ ತೆರೆಯಲಿಲ್ಲ. 1863ರಲ್ಲಿ ಸತ್ಯೇಂದ್ರನಾಥ ಠಾಕೂರರು ಸ್ಪರ್ಧಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಇಂಡಿಯನ್ ಸಿವಿಲ್ ಸರ್ವಿಸನ್ನು ಪ್ರವೇಶಿಸಿದ ಮೊದಲ ಭಾರತೀಯರಾದರು. ರವೀಂದ್ರನಾಥ ಠಾಕೂರರ ಅಣ್ಣನವರಾದ ಇವರು 1880ರ ದಶಕದಲ್ಲಿ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಮನ್ರೋ ಕಲೆಕ್ಟರನಾಗಿ ತಿರುಗಿದ ಅದೇ ನಾಡಿನಲ್ಲಿ, ಅವನು ಭಾರತೀಯರಿಗೆ ದೊರೆಯಬೇಕೆಂದು ವಾದಿಸಿದ ಉನ್ನತ ಸ್ಥಾನದಲ್ಲಿ, ಒಬ್ಬ ಭಾರತೀಯರು ಕುಳಿತು ನ್ಯಾಯ ನೀಡಿದರು.

ಇಂದು ನಮ್ಮ ಸಂವಿಧಾನವು ಸರ್ಕಾರಿ ಸೇವೆಯಲ್ಲಿ ಎಲ್ಲ ಪ್ರಜೆಗಳಿಗೂ ಸಮಾನ ಅವಕಾಶವನ್ನು ನೀಡಿದೆ. ನೇಮಕಕ್ಕೆ ಆಯೋಗಗಳಿವೆ, ನಡತೆಗೆ ನಿಯಮಗಳಿವೆ. ಆದರೂ ಹಳಿಯಾಳದ ಕಚೇರಿಯ ಮುಂದೆ ಕಾಗದ ಹಿಡಿದು ನಿಂತ ರೈತನಿಗೆ ಸರ್ಕಾರವೆಂದರೆ ಇಂದಿಗೂ ಮೇಜಿನ ಆಚೆ ಕುಳಿತ ನೌಕರನೇ. ಯೋಗ್ಯರನ್ನು ಆರಿಸುವುದು, ಅವರಿಗೆ ಕೆಲಸ ಕಲಿಸುವುದು, ತಕ್ಕ ಸಂಬಳ ಕೊಡುವುದು, ನಂಬುವುದು ಮತ್ತು ಎಚ್ಚರದಿಂದ ನೋಡಿಕೊಳ್ಳುವುದು — ಒಳ್ಳೆಯ ಆಡಳಿತಕ್ಕೆ ಬೇಕಾದ ಈ ಐದನ್ನೂ ಮನ್ರೋ ತನ್ನ ಕೆಲಸದಿಂದ ತೋರಿಸಿಕೊಟ್ಟನು. ಇವುಗಳಲ್ಲಿ ಒಂದನ್ನು ಕೈಬಿಟ್ಟರೂ ಉಳಿದ ನಾಲ್ಕು ದುರ್ಬಲವಾಗುತ್ತವೆ ಎಂಬುದು ಅವನ ಜೀವನವು ಕಲಿಸುವ ಪಾಠವಾಗಿದೆ.